ಊರಿನ ಕಾಗದ ಊರಿಗೆ



ಈ ದತ್ತಿ ಉಪನ್ಯಾಸದ ಕರಾರಿನಲ್ಲಿ ವಿಷಯ ಎರಡೇ ಮಾತು: ಸ್ಥಳೀಯ ಚರಿತ್ರೆ. ಯಾವ ಸ್ಥಳದ್ದು ಎಂದು ಬರೆದಿಲ್ಲ. ಆ ಸಲುಗೆಯಿಂದ ನಾನು ಗಡಿಯಾಚೆಯ ಒಂದು ಊರನ್ನು ಆರಿಸಿಕೊಂಡಿದ್ದೇನೆ, ಆಂಧ್ರದ ಕೃಷ್ಣಾ ಜಿಲ್ಲೆಯ ಗನ್ನವರಂ. ವಿಜಯವಾಡಕ್ಕೆ ವಿಮಾನದಲ್ಲಿ ಹೋದವರೆಲ್ಲ ಇಳಿದಿರುವುದು ಗನ್ನವರದಲ್ಲೇ. ಆದರೂ ಗನ್ನವರಕ್ಕೆ ಹೋಗಿದ್ದೆ ಎಂದು ಹೇಳಿದವರನ್ನು ನಾನು ಕಂಡಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೇನೆಯ ನೆಲೆಯಾಗಿದ್ದ ಬಯಲು ಇಂದು ವಿಮಾನ ನಿಲ್ದಾಣ. ಟಿಕೆಟ್ಟಿನ ಮೇಲೆ ವಿಜಯವಾಡ ಎಂದಿರುತ್ತದೆ, ಇಳಿದವರು ಕಾರು ಹತ್ತಿ ವಿಜಯವಾಡಕ್ಕೋ ಅಮರಾವತಿಗೋ ಹೊರಟುಬಿಡುತ್ತಾರೆ.

ಕನ್ನಡಿಗರಿಗೆ ಆ ನೆಲ ಹೊಸದಲ್ಲ. ಅದು ವೆಂಗಿ. ಪಂಪ ತನ್ನ ಹಿರಿಯರ ಊರುಗಳನ್ನು ಹೆಸರಿಸುವಾಗ ವೆಂಗಿಮಂಡಲದ ಅಗ್ರಹಾರಗಳನ್ನು ಹೇಳುತ್ತಾನೆ. ಅವನಿಗೂ ಮುನ್ನೂರು ವರ್ಷ ಮೊದಲು ಬಾದಾಮಿಯ ಇಮ್ಮಡಿ ಪುಲಕೇಶಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ಆ ನಾಡಿಗೆ ಕಳಿಸಿದ, ತಮ್ಮನ ವಂಶ ಅಲ್ಲೇ ಬೇರು ಬಿಟ್ಟು ಪೂರ್ವ ಚಾಲುಕ್ಯರೆನಿಸಿತು. ಇನ್ನೊಂದು ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ಕಂಠಪಾಠವಾಗಿರಬೇಕು: ಪಂಪನ ಮನೆತನದ ಬಗ್ಗೆ ಕಾವ್ಯದ ಹೊರಗೆ ನಮಗಿರುವ ಗಟ್ಟಿ ಸಾಕ್ಷ್ಯ ಅವನ ತಮ್ಮ ಜಿನವಲ್ಲಭ ಬರೆಸಿದ ಶಾಸನ. ಅದು ಇರುವುದು ಇಂದಿನ ತೆಲಂಗಾಣದ ಕರೀಂನಗರದ ಕಡೆ, ಗಂಗಾಧರಂ ಹತ್ತಿರದ ಬೊಮ್ಮಲಮ್ಮ ಗುಟ್ಟದ ಬಂಡೆಯ ಮೇಲೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಬಂಡೆಯಲ್ಲಿವೆ. ಗ್ರಾನೈಟ್ ಕ್ವಾರಿಗಳಿಗೆ ಹೆಸರಾದ ಸೀಮೆ ಅದು. ಅಲ್ಲಿ ಒಂದು ಗುಡ್ಡ ಗುಡ್ಡವಾಗಿ ಉಳಿದಿದೆ ಎನ್ನುವುದೇ ಸಣ್ಣ ಮಾತಲ್ಲ.

ಆದರೆ ನಾನು ಗನ್ನವರವನ್ನು ಆರಿಸಿದ್ದು ಪಂಪನಿಗಾಗಿ ಅಲ್ಲ. ಅಲ್ಲಿಂದ ಕಲ್ಕತ್ತೆಯ ಹೆದ್ದಾರಿ ಹಿಡಿದು ಮುಂದೆ ಹೋದರೆ ಏಲೂರು ಸಿಗುತ್ತದೆ. ನಮ್ಮ ನಾಡಿನ ಊರೂರ ಚರಿತ್ರೆಯನ್ನು ಮೊದಲು ಕಾಗದಕ್ಕಿಳಿಸಿದ ಅಣ್ಣತಮ್ಮಂದಿರು ಆ ಊರಿನವರು: ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ. ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ನಿಮಗೆ ಗೊತ್ತು. ಸ್ಕಾಟ್ಲೆಂಡಿನ ಒಂದು ದ್ವೀಪದಿಂದ 1783ರಲ್ಲಿ ಕುಂಪಣಿಯ ಸೇನೆಗೆ ಬಂದವನು, ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದವನು, 1815ರಲ್ಲಿ ಇಡೀ ಇಂಡಿಯಾದ ಮೊದಲ ಸರ್ವೇಯರ್ ಜನರಲ್ ಆದವನು. 1821ರಲ್ಲಿ ಅವನು ತೀರಿಕೊಂಡಾಗ ಉಳಿದ ಸಂಗ್ರಹದ ಪಟ್ಟಿಯನ್ನು ಸಂಸ್ಕೃತ ವಿದ್ವಾಂಸ ವಿಲ್ಸನ್ 1828ರಲ್ಲಿ ಅಚ್ಚು ಮಾಡಿಸಿದ. 1,568 ಹಸ್ತಪ್ರತಿ, 2,070 ಸ್ಥಳೀಯ ವೃತ್ತಾಂತ, 8,076 ಶಾಸನದ ನಕಲು, 6,218 ನಾಣ್ಯ. ಇಷ್ಟನ್ನೂ ಒಬ್ಬ ಮಿಲಿಟರಿ ಇಂಜಿನಿಯರು ಸಂಗ್ರಹಿಸಿದ ಎಂದು ನಾವು ಓದುತ್ತ ಬಂದಿದ್ದೇವೆ. ಅವನಿಗೆ ಇಲ್ಲಿನ ಒಂದು ಭಾಷೆಯೂ ಓದುವಷ್ಟು ಬರುತ್ತಿರಲಿಲ್ಲ. ಓದಿದವನು ಬೊರ್ರಯ್ಯ. ಹಳಗನ್ನಡ ಲಿಪಿಯನ್ನು ಬಿಡಿಸಿಕೊಟ್ಟವನು ಈ ತೆಲುಗು ಹುಡುಗ. ಹುಡುಗ ಎಂದೇ ಹೇಳಬೇಕು, ಏಕೆಂದರೆ 1803ರಲ್ಲಿ ಅವನು ಸತ್ತಾಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮೆಕೆಂಜಿಯ ಒಬ್ಬ ಆಳು ಒಂದು ಕಾಗದ ಹಿಡಿದು ಊರಿಗೆ ಬರುತ್ತಾನೆ. ಕರಣಂನನ್ನು, ಅಂದರೆ ನಮ್ಮ ಶಾನುಭೋಗರನ್ನು, ದೇವಸ್ಥಾನದ ಅರ್ಚಕನನ್ನು, ಊರ ಹಿರಿಯರನ್ನು ಕೂರಿಸಿಕೊಂಡು ಕೇಳುತ್ತಾನೆ. ಊರಿಗೆ ಈ ಹೆಸರು ಹೇಗೆ ಬಂತು? ಕೆರೆ ಯಾರು ಕಟ್ಟಿಸಿದರು? ಯಾವ ಅರಸ ಯಾರಿಗೆ ಎಷ್ಟು ಮಾನ್ಯ ಬಿಟ್ಟ? ಕುಂಪಣಿಗೆ ಮೊದಲು ಯಾರ ಕೈಕೆಳಗಿದ್ದಿರಿ? ಕರಣಂನ ಮನೆಯಲ್ಲಿ ತಲೆಮಾರಿನಿಂದ ಬಂದ ದಂಡಕವಿಲೆ, ಅಂದರೆ ಊರಿನ ಲೆಕ್ಕಪತ್ರದ ಕಡತ, ಇದ್ದರೆ ಅದನ್ನು ತೆಗೆಸಿ ನಕಲು ಮಾಡಿಕೊಳ್ಳುತ್ತಾನೆ. ಹೀಗೆ ಹುಟ್ಟಿದವು ಕೈಫಿಯತ್ತುಗಳು. ಕೇಳಲು ಬಂದವನು ಕಂದಾಯ ಏರಿಸಲು ಬಂದವನೇ ಇರಬೇಕೆಂದು ಊರವರು ಅನುಮಾನಪಟ್ಟು ಬಾಯಿ ಬಿಡದಿದ್ದುದೂ ಉಂಟು. ಆ ಅನುಮಾನ ತಪ್ಪಲ್ಲ. ಸರ್ವೆಯ ಸರಪಳಿ ಹಿಡಿದ ಕೈಯೇ ಚರಿತ್ರೆಯನ್ನೂ ಕೇಳುತ್ತಿತ್ತು. ನೆಲವನ್ನು ಹೊಸದಾಗಿ ಅಳೆಯುವವರು ಬಂದಾಗಲೇ ನಮ್ಮ ಊರುಗಳಿಗೆ ತಮ್ಮ ಚರಿತ್ರೆಯ ನೆನಪಾಗುತ್ತದೆ. ಗನ್ನವರಕ್ಕೆ ಬಂದಾಗ ಈ ಮಾತನ್ನು ಮತ್ತೆ ಎತ್ತಿಕೊಳ್ಳುತ್ತೇನೆ.

1816ರಲ್ಲಿ ಥಾಮಸ್ ಹಿಕಿ ಬರೆದ ಒಂದು ತೈಲಚಿತ್ರವಿದೆ. ನಡುವೆ ಕೆಂಪು ಸಮವಸ್ತ್ರದ ಮೆಕೆಂಜಿ, ಸುತ್ತ ಮೂವರು ಭಾರತೀಯರು, ಹಿಂದೆ ದೂರದಲ್ಲಿ ಗೊಮ್ಮಟ. ಮೂವರಲ್ಲಿ ದುರ್ಬೀನು ಹಿಡಿದವನು ಜವಾನ ಕೃಷ್ಣಾಜಿ, ಇನ್ನಿಬ್ಬರು ಕಾವಲಿ ಲಕ್ಷ್ಮಯ್ಯ ಮತ್ತು ನಮ್ಮ ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸುತ್ತಾರೆ. ಚಿತ್ರದಲ್ಲಾದರೂ ಇವರಿಗೆ ಜಾಗ ಸಿಕ್ಕಿತು. ಮೆಕೆಂಜಿ ಸತ್ತ ಮೇಲೆ, 1830ರ ದಶಕದಲ್ಲಿ, ಈ ಕೆಲಸವನ್ನು ತಾನೇ ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಅರ್ಜಿ ಹಾಕಿಕೊಂಡ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಆಗ ಜೇಮ್ಸ್ ಪ್ರಿನ್ಸೆಪ್ ಕಾರ್ಯದರ್ಶಿ. ಅಶೋಕನ ಬ್ರಾಹ್ಮಿಯನ್ನು ಓದಿದ ಆ ಮಹಾನುಭಾವನೇ. ಸಂಗ್ರಹಿಸುವುದಕ್ಕೆ ಈತ ಸರಿ, ವಿಮರ್ಶೆಯಿಂದ ಬರೆಯುವುದು ಈತನಿಂದ ಆಗದು ಎಂಬ ಅರ್ಥದ ಅಭಿಪ್ರಾಯ ಸೊಸೈಟಿಯಿಂದ ಬಂತು. ಕೆಲಸ ಮದ್ರಾಸಿನ ಪಾದ್ರಿ ವಿಲಿಯಂ ಟೇಲರ್‌ಗೆ ಹೋಯಿತು. ಊರೂರು ಸುತ್ತಿ ತಂದವನು ಬೇರೆ, ಅದರ ಅರ್ಥ ಹೇಳುವ ಹಕ್ಕುಳ್ಳವನು ಬೇರೆ ಎಂಬ ಈ ಹಂಚಿಕೆ ನಮ್ಮ ವಿಶ್ವವಿದ್ಯಾಲಯಗಳಿಂದ ಇಂದಿಗೂ ಪೂರ್ತಿ ಹೋಗಿಲ್ಲ. ಹಳ್ಳಿಯ ಮೇಷ್ಟ್ರು ಶಾಸನ ಹುಡುಕಿದರೆ ಪತ್ರಿಕೆಯಲ್ಲಿ ಅವರ ಫೋಟೋ ಬರುತ್ತದೆ. ಪ್ರಬಂಧ ಮಾತ್ರ ಬೇರೆಯವರ ಹೆಸರಿನಲ್ಲಿ ಬರುತ್ತದೆ.

ಇದಕ್ಕೆ ಎದುರಾಗಿ ನಿಲ್ಲಿಸಬಹುದಾದ ಒಂದು ಕಥೆ ನಮ್ಮಲ್ಲೇ ಇದೆ. ಅದೇ ಮಲೆಯೂರಿನ ಕನಕಗಿರಿಗೆ 1804ರಲ್ಲಿ ಮೆಕೆಂಜಿಯ ತಂಡ ಬಂತು. ಸ್ಥಳದ ಚರಿತ್ರೆ ಕೇಳಿದಾಗ ಅಲ್ಲಿನ ದೇವಚಂದ್ರ ತನಗೆ ತಿಳಿದದ್ದನ್ನು ಹೇಳಿದ, ಬರೆದೂ ಕೊಟ್ಟ. ತಂಡ ಹೊರಟುಹೋಯಿತು. ಕೇಳಿದ ಪ್ರಶ್ನೆ ಮಾತ್ರ ದೇವಚಂದ್ರನಲ್ಲಿ ಉಳಿಯಿತು. ಮೂರು ದಶಕ ಕಳೆದ ಮೇಲೆ, 1838ರ ಸುಮಾರಿಗೆ, ಅವನ ‘ರಾಜಾವಳಿ ಕಥೆ’ ಬಂತು. ಅದರಲ್ಲಿ ಐತಿಹ್ಯವಿದೆ, ಮತದ ಪಕ್ಷಪಾತವಿದೆ, ಕಾಲಗಣನೆ ಅಡ್ಡಾದಿಡ್ಡಿಯಾಗಿದೆ. ಇರಲಿ. ಹೊರಗಿನವರು ಕೊಂಡೊಯ್ಯಲು ಬಂದಾಗ ಊರಿನವನೊಬ್ಬ ತಾನೇ ಬರೆಯಲು ಕೂತ. ಮೆಕೆಂಜಿಯ ಅಷ್ಟೂ ಪೆಟ್ಟಿಗೆಗಳಿಗಿಂತ ನನಗೆ ಇದು ಹೆಚ್ಚಿನದಾಗಿ ಕಾಣುತ್ತದೆ.

ಪೆಟ್ಟಿಗೆಗಳು ಎಲ್ಲಿಗೆ ಹೋದವು ಎಂಬುದು ಗೊತ್ತಿರುವ ಸಂಗತಿ. ಕುಂಪಣಿ ಹತ್ತು ಸಾವಿರ ಪೌಂಡು ಕೊಟ್ಟು ಸಂಗ್ರಹವನ್ನು ಮೆಕೆಂಜಿಯ ವಿಧವೆಯಿಂದ ಕೊಂಡಿತು. ಒಂದು ಪಾಲು ಲಂಡನ್ನಿಗೆ, ಒಂದು ಪಾಲು ಕಲ್ಕತ್ತೆಗೆ, ದೇಶಭಾಷೆಗಳ ಕಾಗದಗಳ ದೊಡ್ಡ ಪಾಲು ಕಡೆಗೆ ಮದ್ರಾಸಿಗೆ. ಗನ್ನವರದಿಂದ ಬಹಳ ದೂರವಿಲ್ಲದ ಅಮರಾವತಿಯಲ್ಲಿ ಇದೇ ಕಥೆ ಕಲ್ಲಿನಲ್ಲಿ ನಡೆಯಿತು. ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಹೊಸ ಊರು ಕಟ್ಟುವಾಗ ಆಳುಗಳು ಕಲ್ಲಿಗಾಗಿ ಒಂದು ದಿಬ್ಬ ಅಗೆದರು. ಆ ಸುದ್ದಿ ಕೇಳಿ ಮೆಕೆಂಜಿ 1798ರಲ್ಲಿ ಒಮ್ಮೆ ಬಂದು ನೋಡಿದ, 1816ರಲ್ಲಿ ತಂಡದೊಂದಿಗೆ ಬಂದು ನಕ್ಷೆ, ಚಿತ್ರ ಬರೆಸಿದ. 1845ರಲ್ಲಿ ಕುಂಪಣಿಯ ಅಧಿಕಾರಿ ವಾಲ್ಟರ್ ಎಲಿಯಟ್ ಅಗೆಸಿ ತೆಗೆದ ಶಿಲ್ಪಗಳು ಮದ್ರಾಸಿನಲ್ಲಿ ಬಹುಕಾಲ ಬಿಸಿಲು ಮಳೆಯಲ್ಲಿ ಬಿದ್ದಿದ್ದು, ಹಡಗು ಹತ್ತಿ ಲಂಡನ್ ಸೇರಿದವು. ಇಂದು ಅಮರಾವತಿಯ ಸ್ತೂಪವನ್ನು ನೋಡಬೇಕೆಂದರೆ ಅಮರಾವತಿಗೆ ಹೋಗಿ ಪ್ರಯೋಜನ ಕಡಿಮೆ. ಉಳಿಸಿದವರು ಅವರೇ ತಾನೆ ಎಂದು ಕೇಳುವವರಿದ್ದಾರೆ. ಹೌದು, ಉಳಿಸಿದರು. ಜಮೀನ್ದಾರನ ಗೋಡೆಗೆ ಸೇರದೆ ಉಳಿದದ್ದು ಅವರಿಂದಲೇ. ಉಳಿಸುವುದಕ್ಕೂ ಊರಿಗೆ ಮುಟ್ಟಿಸುವುದಕ್ಕೂ ನಡುವೆ ಇನ್ನೂರು ವರ್ಷದ ಅಂತರ ಬಿತ್ತು ಎನ್ನುವುದಷ್ಟೇ ನನ್ನ ತಕರಾರು.

ಆ ಅಂತರವನ್ನು ಕಡಿಮೆ ಮಾಡಿದವರು ಸಂಬಳವಿಲ್ಲದೆ ಕೆಲಸ ಮಾಡಿದ ಜನ. ಕಡಪದ ಕಥೆ ಹೇಳುತ್ತೇನೆ, ಇದಕ್ಕೆ ಕನ್ನಡದ ಗಡಿಯೂ ತಾಕುತ್ತದೆ. ಮೆಕೆಂಜಿಯ ಕಾಗದಗಳು ಮದ್ರಾಸಿನಲ್ಲಿ ಹುಳು ಹಿಡಿದು ಪುಡಿಯಾಗುತ್ತಿದ್ದಾಗ ಚಾರ್ಲ್ಸ್ ಫಿಲಿಪ್ ಬ್ರೌನ್ ಅವನ್ನು ಹೊಸದಾಗಿ ನಕಲು ಮಾಡಿಸಿದ. ಬ್ರೌನ್ ತೆಲುಗು ಕಲಿಕೆಯಲ್ಲಿ ಮುಳುಗಿದ್ದು 1820ರಲ್ಲಿ ಅಧಿಕಾರಿಯಾಗಿ ಬಂದ ಕಡಪದಲ್ಲಿ. ಅಲ್ಲಿ ಅವನದೊಂದು ಬಂಗಲೆಯೂ ಇತ್ತು. ನೂರೈವತ್ತು ವರ್ಷದಲ್ಲಿ ಅದು ಪಾಳು ಬಿದ್ದು ಬುನಾದಿಯಷ್ಟೇ ಉಳಿದಿತ್ತು. ಜಾನಮದ್ದಿ ಹನುಮಚ್ಛಾಸ್ತ್ರಿ ಎಂಬ ಅಧ್ಯಾಪಕರು, ನಮ್ಮ ಬಳ್ಳಾರಿ ಚಿತ್ರದುರ್ಗಗಳಿಗೆ ಅಂಟಿಕೊಂಡಿರುವ ರಾಯದುರ್ಗದಲ್ಲಿ ಹುಟ್ಟಿದವರು, ಆ ಪಾಳು ಜಾಗದಲ್ಲಿ ಬ್ರೌನ್ ಹೆಸರಿನ ಗ್ರಂಥಾಲಯ ಕಟ್ಟುವ ಹಟ ತೊಟ್ಟರು. ಸಣ್ಣ ಸಣ್ಣ ಮೊತ್ತದ ಚಂದಾ ಎತ್ತುತ್ತ ವರ್ಷಗಟ್ಟಲೆ ತಿರುಗಿದರು. ಜನ ಅವರನ್ನು ಬ್ರೌನ್ ಶಾಸ್ತ್ರಿ ಎಂದೇ ಕರೆಯತೊಡಗಿದರು. ಗ್ರಂಥಾಲಯ ಎದ್ದಿತು, ಮುಂದೆ ಯೋಗಿ ವೇಮನ ವಿಶ್ವವಿದ್ಯಾಲಯದ ಸುಪರ್ದಿಗೆ ಬಂತು. ಅದೇ ಸಂಸ್ಥೆ ಕಡಪ ಜಿಲ್ಲೆಯ ಕೈಫಿಯತ್ತುಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿತು. ಏಲೂರಿನ ಹುಡುಗರು ಬರೆಸಿಕೊಂಡು ಹೋದ ಮಾತುಗಳು ಹೀಗೆ ಅಚ್ಚಿನ ಪುಸ್ತಕವಾಗಿ ಅವೇ ಹಳ್ಳಿಗಳ ಕೈಗೆಟುಕುವ ದೂರಕ್ಕೆ ಬಂದವು. ನಮ್ಮಲ್ಲಿ ಎಂ. ಎಂ. ಕಲಬುರ್ಗಿಯವರು ಕರ್ನಾಟಕದ ಕೈಫಿಯತ್ತುಗಳನ್ನು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ತಂದದ್ದನ್ನೂ ಇದರ ಜೊತೆಗೇ ನೆನೆಯಬೇಕು.

ಗೋದಾವರಿ ದಂಡೆಯ ರಾಜಮಹೇಂದ್ರಿಯಲ್ಲಿ 1922ರಲ್ಲೇ ಆಂಧ್ರ ಇತಿಹಾಸ ಸಂಶೋಧಕ ಮಂಡಲಿ ಎದ್ದಿತ್ತು. ಅದರ ದೊಡ್ಡ ಹೆಸರುಗಳಲ್ಲಿ ಒಬ್ಬರು ಭಾವರಾಜು ವೆಂಕಟಕೃಷ್ಣರಾಯರು, ವೃತ್ತಿಯಿಂದ ವಕೀಲರು. ಹೊಲದಲ್ಲಿ ಸಿಕ್ಕ ತಾಮ್ರಪಟ ಕೋರ್ಟಿಗೆ ಸಾಕ್ಷಿಯಾಗಿ ಬರುತ್ತಿದ್ದ ಕಾಲದಲ್ಲಿ ವಕೀಲರು ಚರಿತ್ರೆಕಾರರಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂದು ಆ ಭಾಗದಲ್ಲಿ ಪುರಾತತ್ತ್ವಜ್ಞ ಈಮನಿ ಶಿವನಾಗಿರೆಡ್ಡಿಯವರು ಹಳ್ಳಿಹಳ್ಳಿಗೆ ಹೋಗಿ, ಮಣ್ಣಿನಲ್ಲಿ ಹೂತ ಶಿಲ್ಪ, ಶಾಸನಗಳನ್ನು ಎತ್ತಿ ಪೀಠ ಕಟ್ಟಿ ನಿಲ್ಲಿಸಿರೆಂದು ಊರವರಿಗೆ ಹೇಳುತ್ತ ತಿರುಗುತ್ತಿದ್ದಾರೆ. ಶ್ರೀಶೈಲದ ಅಣೆಕಟ್ಟಿನ ನೀರಿಗೆ ಸಿಕ್ಕಲಿದ್ದ ದೇವಾಲಯಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆಡೆ ಕಟ್ಟಿದ ಕೆಲಸದ ಅನುಭವ ಅವರ ಹಿಂದಿದೆ. ಅವರ ವಿಧಾನದಲ್ಲಿ ನನಗೆ ಹಿಡಿಸುವುದು ಒಂದೇ ಅಂಶ: ಕಲ್ಲನ್ನು ಮ್ಯೂಸಿಯಮ್ಮಿಗೆ ಕೊಡಿ ಎಂದು ಕೇಳುವ ಮೊದಲು ಊರಲ್ಲೇ ನೆಟ್ಟಗೆ ನಿಲ್ಲಿಸಿ ಎನ್ನುತ್ತಾರೆ.

ನಮ್ಮ ಹಳೆಯ ಮೈಸೂರಿನಲ್ಲಿ ಈ ಕೆಲಸ ಸರ್ಕಾರದ್ದಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟ ತಂದರು, ಸುಮಾರು ಒಂಬತ್ತು ಸಾವಿರ ಶಾಸನ. ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ಎಲ್ಲಿದೆ ಎಂಬ ಸಣ್ಣ ಟಿಪ್ಪಣಿ. ಆ ಟಿಪ್ಪಣಿಯ ಬೆಲೆ ಇಂದಿನವರಿಗೆ ಗೊತ್ತಾಗುತ್ತಿದೆ. ಕೆರೆಯ ಏರಿ, ಊರ ಬಾಗಿಲು, ಇಂಥ ದೇವಸ್ಥಾನದ ಹಿಂದೆ ಎಂದು ರೈಸ್ ಬರೆದ ಜಾಗ ಹುಡುಕಿಕೊಂಡು ಹೋದರೆ ಕೆರೆ ಲೇಔಟ್ ಆಗಿರುತ್ತದೆ, ಊರ ಬಾಗಿಲು ಬಸ್ ಸ್ಟಾಂಡ್ ಆಗಿರುತ್ತದೆ, ದೇವಸ್ಥಾನಕ್ಕೆ ಗ್ರಾನೈಟ್ ಹಾಸಿ ಹಳೆಯ ಕಲ್ಲನ್ನು ಚರಂಡಿಗೆ ಮುಚ್ಚಿರುತ್ತಾರೆ. ಬರಹದ ಕಲ್ಲಿನ ಕೆಳಗೆ ನಿಧಿ ಇದೆಯೆಂದು ರಾತ್ರಿ ಅಗೆದು ಒಡೆದದ್ದು ಇನ್ನೊಂದು ಬಗೆಯ ನಷ್ಟ. ಇಂಗ್ಲಿಷಿನಲ್ಲಿ, ದಪ್ಪ ರಟ್ಟಿನಲ್ಲಿ ಅಚ್ಚಾದ ಸಂಪುಟ ಊರಿಗೆ ಬಂದಿದ್ದರೆ ಒಂದೆರಡು ಕಲ್ಲಾದರೂ ಉಳಿಯುತ್ತಿದ್ದವೋ ಏನೋ. ಈ ಕಲ್ಲಿನಲ್ಲಿ ನಿನ್ನ ಊರಿನ ಹೆಸರಿದೆ, ನಿಧಿ ಇಲ್ಲ ಎಂದು ಓದಿ ಹೇಳುವವರು ಆ ಊರಿಗೆ ಬರಲೇ ಇಲ್ಲ.

ಹಲ್ಮಿಡಿಯನ್ನೇ ನೋಡಿ. 1936ರಲ್ಲಿ ಎಂ. ಎಚ್. ಕೃಷ್ಣರು ಬೇಲೂರು ತಾಲ್ಲೂಕಿನ ಆ ಹಳ್ಳಿಯ ವೀರಭದ್ರ ಗುಡಿಯ ಮುಂದೆ ನಿಂತಿದ್ದ ಕಲ್ಲನ್ನು ಗುರುತಿಸಿದರು. ಕಲ್ಲು ಮೈಸೂರಿಗೆ ಹೋಯಿತು, ಕ್ಷೇಮವಾಗಿದೆ. ಊರಿನಲ್ಲಿ ಈಗ ಒಂದು ಮಂಟಪ, ಅದರೊಳಗೆ ಫೈಬರಿನ ಪ್ರತಿಕೃತಿ. ಪ್ರತಿಕೃತಿ ಎಂದು ಮೂಗು ಮುರಿಯುವವರ ಸಾಲಿನಲ್ಲಿ ನಾನಿಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದು ತಮ್ಮೂರಿನದೆಂದು ಆ ಹಳ್ಳಿಯ ಮಕ್ಕಳು ಕೈಯಿಂದ ಮುಟ್ಟಿ ಹೇಳುವಂತಾಗಿದೆ.

2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೋರಿಗಾಗಿ ಅಗೆಯುವಾಗ ಒಂದು ವೀರಗಲ್ಲು ಎದ್ದಿತು. ಯಾವ ಸಂಪುಟದಲ್ಲೂ ದಾಖಲಾಗಿರದ ಕಲ್ಲು. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಎಂಬವನು ನಾಡಿನ ಮೇಲೆ ಬಿದ್ದವರೊಡನೆ ಕಾದಿ ಸತ್ತದ್ದನ್ನು ಹೇಳುತ್ತದೆ. ಬೆಂಗಳೂರಿನಲ್ಲಿ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಇದೇ. ಅದನ್ನು ಗುರುತಿಸಿ ಉಳಿಸಿದವರು ಇಲಾಖೆಯ ನೌಕರರಲ್ಲ, ಬಿಡುವಿನಲ್ಲಿ ಶಾಸನ ಹುಡುಕುತ್ತಿದ್ದ ಊರಿನ ಹವ್ಯಾಸಿಗಳು. ಅವರಲ್ಲಿ ಮುಖ್ಯರಾದ ಪಿ. ಎಲ್. ಉದಯಕುಮಾರ್ ಇಂಜಿನಿಯರಿಂಗ್ ಓದಿದವರು. ಹೆಬ್ಬಾಳದ ಜನ ಜೊತೆಗೂಡಿದರು, ದುಡ್ಡು ಸೇರಿತು, ಕಲ್ಲಿಗೆ ಅದೇ ಊರಿನಲ್ಲಿ ಮಂಟಪವಾಯಿತು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯಲ್ಲಿ 2021ರಿಂದ ಉದಯಕುಮಾರರ ನೇತೃತ್ವದಲ್ಲೇ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿದೆ. ಹಳೆಯ ಪದ್ಧತಿಯಲ್ಲಿ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಸವೆದ ಅಕ್ಷರ ಅಚ್ಚಿನಲ್ಲಿ ಮೂಡುತ್ತಿರಲಿಲ್ಲ. ಸ್ಕ್ಯಾನ್ ಮಾಡಿದ ಕಲ್ಲನ್ನು ಕಂಪ್ಯೂಟರಿನಲ್ಲಿ ತಿರುಗಿಸಿ, ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ನೋಡಿದರೆ ಕಣ್ಣಿಗೆ ಕಾಣದಿದ್ದ ಗೀರು ಅಕ್ಷರವಾಗುತ್ತದೆ. ಹೀಗೆ ಸಿದ್ಧವಾದದ್ದನ್ನು ಅವರು ಯಾರು ಬೇಕಾದರೂ ತೆರೆದು ನೋಡುವಂತೆ ಇಟ್ಟಿದ್ದಾರೆ. ಪ್ರಿನ್ಸೆಪ್ ಹಾಕಿದ ಗೆರೆ ಇಲ್ಲಿ ಅಳಿಸಿಹೋಗಿದೆ, ಹುಡುಕುವವರೇ ಓದುತ್ತಿದ್ದಾರೆ.

ಇಂಥ ಕೆಲಸವನ್ನು ಹೊಗಳುವಾಗ ಕೈ ಸ್ವಲ್ಪ ಬಿಗಿ ಹಿಡಿಯಬೇಕು. ಊರಿನವರು ಬರೆದದ್ದೆಲ್ಲ ಊರಿನ ಚರಿತ್ರೆಯಲ್ಲ. ಕೈಫಿಯತ್ತನ್ನು ಹೇಳಿದವನು ಕರಣಂ. ಅವನಿಗೆ ಮಾನ್ಯದ ಭೂಮಿ ಇತ್ತು. ಕುಂಪಣಿಯ ಆಳು ಬಂದು ಕೂತಾಗ ತನ್ನ ಅಜ್ಜನಿಗೆ ಅರಸ ಬಿಟ್ಟ ಭೂಮಿಯ ಮಾತನ್ನು ಅವನು ಮರೆಯುವುದುಂಟೆ? ಊರ ಹೊರಗಿನ ಕೇರಿಯ ಮಾತು ಅದರಲ್ಲಿ ಬರುವುದು ಬಿಟ್ಟಿ ಚಾಕರಿಯ ಲೆಕ್ಕದಲ್ಲಿ ಮಾತ್ರ. ಹೆಂಗಸರು ಬರುವುದು ಸತಿ ಹೋದರೆ, ಇಲ್ಲವೆ ಅಮ್ಮನವರಾದರೆ. ಇಂದಿನ ನಮ್ಮ ಸ್ವಯಂಸೇವಕರ ಬರಹವೂ ಇದರಿಂದ ಪಾರಾಗಿಲ್ಲ. ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆಗಳನ್ನು ತೆಗೆದು ನೋಡಿ. ಮೊದಲ ಇಪ್ಪತ್ತು ಪುಟ ಗಣ್ಯರ ಸಂದೇಶ, ಆಮೇಲೆ ಊರಿಗೆ ಪಾಂಡವರು ಬಂದಿದ್ದ ಕಥೆ, ಆಮೇಲೆ ಒಂದೇ ಜಾತಿಯ ಶೌರ್ಯದ ಚರಿತ್ರೆ. ಶಾಲೆಗಳ ಶತಮಾನೋತ್ಸವ ಸಂಚಿಕೆಗಳು ಎಷ್ಟೋ ಮೇಲು. ಅವುಗಳಲ್ಲಿ ದಾಖಲಾತಿ ಪುಸ್ತಕದ ಮೊದಲ ಪುಟದ ಫೋಟೋ ಇರುತ್ತದೆ. ಯಾವ ವರ್ಷ ಯಾವ ಕೇರಿಯ ಮೊದಲ ಮಗು ಶಾಲೆಗೆ ಬಂತು, ಅಪ್ಪನ ಕಸುಬು ಏನು, ಮೊದಲ ಹುಡುಗಿಯ ಹೆಸರೇನು ಎಂಬುದು ಅಲ್ಲಿ ಮೇಷ್ಟ್ರ ಕೈಬರಹದಲ್ಲಿರುತ್ತದೆ. ಹುಟ್ಟಿದ ತಾರೀಖನ್ನು ಮಾತ್ರ ನಂಬಬೇಡಿ, ಅದು ಮೇಷ್ಟ್ರ ಔದಾರ್ಯ. ಊರಿನ ಚರಿತ್ರೆ ಬರೆಯಹೊರಟ ಹುಡುಗರಿಗೆ ನಾನು ಹೇಳುವುದು, ತಾಮ್ರಪಟ ಹುಡುಕುವ ಮೊದಲು ಈ ಪುಸ್ತಕ ಹುಡುಕಿ ಎಂದು.

ಇಂಥ ಕೆಲಸ ಒಬ್ಬನ ಮೇಲೆ ನಿಂತರೆ ಅವನೊಂದಿಗೇ ಹೋಗುವ ಭಯವೂ ಇದೆ. ಕೆಳದಿಯಲ್ಲಿ ಹಾಗಾಗಲಿಲ್ಲ. ಸಾಗರ ತಾಲ್ಲೂಕಿನ ಆ ಪುಟ್ಟ ಊರಿನಲ್ಲಿ ಕೆಳದಿ ಗುಂಡಾ ಜೋಯಿಸರು ಮನೆಮನೆಯ ಅಟ್ಟದಿಂದ ಓಲೆಗರಿ, ಕಡತ, ನಿರೂಪಗಳನ್ನು ಕೇಳಿ ತಂದು ವಸ್ತುಸಂಗ್ರಹಾಲಯ ಮಾಡಿದರು. ತಿಗಳಾರಿ ಲಿಪಿಯ ಗರಿಗಳನ್ನು ತಾವೇ ಓದಿದರು. ಕೆಳದಿ ಅರಸರ ಕಾಲದ ಕಾಗದಗಳು ಬೆಂಗಳೂರಿಗೂ ಹೋಗದೆ ಲಂಡನ್ನಿಗೂ ಹೋಗದೆ ಕೆಳದಿಯಲ್ಲೇ ಉಳಿದವು. ಕುವೆಂಪು ವಿಶ್ವವಿದ್ಯಾಲಯ ಅದರ ಹೊಣೆ ಹೊತ್ತ ಮೇಲೂ ಸಂಗ್ರಹ ಊರು ಬಿಟ್ಟು ಕದಲಲಿಲ್ಲ. ಜೋಯಿಸರು ಈಗ ನಮ್ಮೊಡನಿಲ್ಲ. ಅಟ್ಟದ ಮೇಲಿನ ಗರಿಯನ್ನು ಹೊಳೆಗೆ ಬಿಡಬೇಕೆಂದಿದ್ದವರ ಮನಸ್ಸನ್ನು ತಿರುಗಿಸುವುದು ಎಂಥ ಕೆಲಸವೆಂದು ಗರಿ ಸಂಗ್ರಹಿಸಿದವರಿಗೆ ಮಾತ್ರ ಗೊತ್ತು. ಚಿತ್ರದುರ್ಗದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರು, ದಕ್ಷಿಣ ಕನ್ನಡದಲ್ಲಿ ಗಣಪತಿರಾವ್ ಐಗಳು ಇಂಥದೇ ದಾರಿ ನಡೆದವರು. ಸೂರ್ಯನಾಥ ಕಾಮತರು 1986ರಲ್ಲಿ ಕಟ್ಟಿದ ಕರ್ನಾಟಕ ಇತಿಹಾಸ ಅಕಾಡೆಮಿ ಇಂಥ ಹವ್ಯಾಸಿಗಳನ್ನು ಪ್ರಾಧ್ಯಾಪಕರ ಪಕ್ಕದಲ್ಲೇ ವೇದಿಕೆಗೆ ಹತ್ತಿಸಿತು.

ಈಗ ಮತ್ತೆ ಗನ್ನವರ. ನೆಲ ಅಳೆಯುವವರು ಬಂದಾಗ ಚರಿತ್ರೆಯ ನೆನಪಾಗುತ್ತದೆ ಎಂದೆ. ಅಮರಾವತಿಯನ್ನು ಹೊಸ ರಾಜಧಾನಿ ಎಂದು ಘೋಷಿಸಿದ ಮೇಲೆ ಆ ಸೀಮೆಯಲ್ಲಿ ಮತ್ತೆ ಅಳತೆ ನಡೆಯಿತು. ಗನ್ನವರದ ರನ್‌ವೇ ಉದ್ದವಾಗಬೇಕಿತ್ತು, ಸುತ್ತಲಿನ ಬುದ್ಧವರಂ, ಕೇಸರಪಲ್ಲಿಗಳ ಗದ್ದೆ ಅದಕ್ಕೆ ಹೋಯಿತು. ನಮ್ಮ ದೇವನಹಳ್ಳಿಯೂ ಇದೇ ದಾರಿಯಲ್ಲಿದೆ. 2008ರಲ್ಲಿ ವಿಮಾನ ಹಾರಿತು, ಅಂದಿನಿಂದ ಸುತ್ತಲ ಹಳ್ಳಿಗಳ ನೆಲದ ಮೇಲೆ ಅಳತೆಯ ಕಣ್ಣು ಬಿದ್ದೇ ಇದೆ. ದೇವನಹಳ್ಳಿಯ ಅದೃಷ್ಟಕ್ಕೆ ರೈಸರ ಒಂಬತ್ತನೆಯ ಸಂಪುಟದಲ್ಲಿ ಅದರ ಹಳ್ಳಿಗಳ ಕಲ್ಲುಗಳಿಗೆ ಸಂಖ್ಯೆ ಬಿದ್ದಿದೆ, ಸ್ಕ್ಯಾನರ್ ಹೊತ್ತವರು ಅಲ್ಲಿಗೆ ಹೋಗುತ್ತಾರೆ. ಆದರೆ ಕಲ್ಲಿನ ಮೇಲೆ ಬರೆಯದ ಚರಿತ್ರೆಗೆ ಸ್ಕ್ಯಾನರ್ ಇಲ್ಲ.

ಆಂಧ್ರದಲ್ಲಿ ಎನ್. ಟಿ. ರಾಮರಾವ್ ಸರ್ಕಾರ 1984ರ ಜನವರಿಯಲ್ಲಿ ಕರಣಂ, ಮುನಸಬು ಹುದ್ದೆಗಳನ್ನು ರದ್ದು ಮಾಡಿತು. ನಮ್ಮಲ್ಲಿ ಶಾನುಭೋಗಿಕೆ, ಪಟೇಲಿಕೆ ಹೋದದ್ದು ಅದಕ್ಕೂ ಮೊದಲು, 1963ರಲ್ಲಿ. ವಂಶಪಾರಂಪರ್ಯದ ಆ ದರ್ಪ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ಊರಿನ ನೆಲವನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದ ಒಂದು ಕಸುಬೂ ಹೋಯಿತು. ನಮ್ಮ ಶಾನುಭೋಗರಲ್ಲಿ ಉಳಿದವರು ಇನ್ನಿಲ್ಲವೆನ್ನುವಷ್ಟು ಕಡಿಮೆ. ಆಂಧ್ರದಲ್ಲಿ ಇನ್ನೂ ಸಮಯವಿದೆ. 1984ರಲ್ಲಿ ಮೂವತ್ತರ ಹರೆಯದಲ್ಲಿದ್ದ ಕರಣಂ ಇಂದು ಎಪ್ಪತ್ತು ದಾಟಿದ ಮುದುಕ. ಅವನ ಮನೆಯಲ್ಲಿ ಕವಿಲೆಯ ಕಟ್ಟು ಇಲ್ಲದಿರಬಹುದು, ಗುಜರಿಗೆ ಹಾಕಿರಬಹುದು. ಅವನಿಗೆ ಹೊಲಗಳ ಹೆಸರು ಗೊತ್ತಿರುತ್ತದೆ.

ನನ್ನ ಸಲಹೆ ಇಷ್ಟು. ವಿಜಯವಾಡದಲ್ಲಿ, ಏಲೂರಿನಲ್ಲಿ, ಹೈದರಾಬಾದಿನಲ್ಲಿ ಕನ್ನಡ ಬಲ್ಲವರು ಇದ್ದಾರೆ, ತೆಲುಗು ಹವ್ಯಾಸಿಗಳು ಇದ್ದೇ ಇದ್ದಾರೆ. ಇಬ್ಬರೂ ಕೂಡಿ ಗನ್ನವರದ ಸುತ್ತಿನ ನಾಲ್ಕೈದು ಊರುಗಳನ್ನು ಹಿಡಿದುಕೊಳ್ಳಲಿ. ವೆಂಗಿಯನ್ನು ಹುಡುಕುವ ಮಹತ್ವಾಕಾಂಕ್ಷೆ ಆಮೇಲೆ ಇರಲಿ. ರನ್‌ವೇ ಕೆಳಗೆ ಹೋದ ಭೂಮಿಯ ಸರ್ವೆ ನಂಬರುಗಳ ಪಟ್ಟಿ ಕಂದಾಯ ಕಚೇರಿಯಲ್ಲಿ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಒಂದೊಂದು ನಂಬರಿನ ಮುಂದೆ ಆ ಗದ್ದೆಯನ್ನು ಜನ ಕರೆಯುತ್ತಿದ್ದ ಹೆಸರನ್ನು ಬರೆದುಕೊಳ್ಳಲಿ. ಯಾವ ಮರವಿತ್ತು, ಯಾವ ಕಾಲುವೆಯ ನೀರು, ಯಾರ ಸಮಾಧಿ ಬದುವಿನ ಮೇಲಿತ್ತು ಎಂದು ಕೇಳಲಿ. ಬರೆದುಕೊಂಡದ್ದನ್ನು ತೆಲುಗಿನಲ್ಲೇ ಅಚ್ಚು ಮಾಡಿಸಿ, ಸಣ್ಣ ಪುಸ್ತಕವಾದರೂ ಸರಿ, ಮೊದಲ ಪ್ರತಿಗಳನ್ನು ಆ ಊರಿನ ಶಾಲೆಗೇ ಕೊಡಲಿ. ಕನ್ನಡಕ್ಕೆ ಆಮೇಲೆ ತಂದುಕೊಳ್ಳೋಣ. ಕೇಳಲು ಹೋಗುವವರು ಭೂಮಿಯ ಒಡೆಯನ ಮನೆಗೆ, ಪರಿಹಾರದ ಚೆಕ್ ಪಡೆದವನ ಮನೆಗೆ ಮಾತ್ರ ಹೋಗಿ ಹಿಂದಿರುಗಬಾರದು. ಕರಣಂನ ಪಟ್ಟಿಯಲ್ಲೂ ಒಡೆಯನ ಪತ್ರದಲ್ಲೂ ಇಲ್ಲದ ಹೆಸರುಗಳು ಆ ಗದ್ದೆಗಳಲ್ಲಿ ಕೂಲಿಗೆ ನಾಟಿ ಮಾಡಿದ ಹೆಂಗಸರ ಬಾಯಲ್ಲಿರುತ್ತವೆ, ಮೊದಲು ಅವರ ಕೇರಿಗೆ ಹೋಗಲಿ.